ಗಂಗತ್ತಿಯ ತೋಳಿಗೆ ಹೊಂದುವ ಗಿಟಾರು

ಬೆಟಗೇರಿ

ಲಕ್ಷ್ಮೇಶ್ವರದಲ್ಲಿ ಈಗ ಚಾಲ್ತಿಯಲ್ಲಿರುವ ಕತೆ ಹೀಗಿದೆ. ಗಂಗಕ್ಕ ಟೀಚರ ಬಲಗೈ ಒಂದು ವರ್ಷದಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಅವರ ಅಣ್ಣನ ಮಗಳು ಪರದೇಶದಿಂದ ಒಂದು ಸಣ್ಣ ಗಿಟಾರು ತಂದುಕೊಟ್ಟಳು. ಅದನ್ನು ಮುಟ್ಟಿದ್ದೇ ತಡ, ಕೈ ತಲೆಯ ಮೇಲಕ್ಕೆ ಎದ್ದಿತು.

ಬೆಟಗೇರಿಯಲ್ಲಿರುವ ಆ ಅಣ್ಣನ ಮಗಳು ನಾನೇ. ಗಿಟಾರು ತಂದದ್ದು ನಿಜ. ಕೈ ಎದ್ದದ್ದೂ ನಿಜ, ಓಣಿಯ ಅರ್ಧ ಜನ ನೋಡಿದ್ದಾರೆ. ಆದರೆ ಒಂದರ ಹಿಂದೆ ಇನ್ನೊಂದು ಬಂತೆಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. ಚರ್ಚಾಸ್ಪರ್ಧೆಗೆ ಬರುವ ಹುಡುಗರಿಗೆ ನಾನು ಮೊದಲನೆಯ ದಿನವೇ ಹೇಳಿಕೊಡುವ ಪಾಠ ಇದು. ನನ್ನ ಮನೆಯವರಿಗೇ ಅದನ್ನು ಹೇಳಿಕೊಡಲು ಆಗಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ, ತೀರ್ಪು ನಿಮಗೆ ಬಿಟ್ಟದ್ದು.

ಗಂಗತ್ತಿ ಲಕ್ಷ್ಮೇಶ್ವರದ ಕನ್ನಡ ಶಾಲೆಯ ಟೀಚರು. ಅವಳ ಮನೆಯಲ್ಲಿ ಬಾಡಿಗೆಗಿದ್ದ ಬ್ಯಾಂಕಿನವನೊಬ್ಬ ಮುಂಡರಗಿಗೆ ವರ್ಗವಾದಾಗ, ಬೈಕಿನ ಮೇಲೆ ಹಿಡಿಸಲಿಲ್ಲವೆಂದು ತನ್ನ ದೊಡ್ಡ ಗಿಟಾರನ್ನು ಬಿಟ್ಟುಹೋದ. ಅತ್ತೆ ಫೋನಿನ ವಿಡಿಯೋ ನೋಡಿ ಕಲಿತಳು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಎರಡನೇ ಇಯತ್ತೆಯ ಮಕ್ಕಳಿಗೆ ಮಗ್ಗಿಯನ್ನೆಲ್ಲ ಹಾಡಿನಲ್ಲಿ ಕಲಿಸಿದಳು. ಅವಳ ಶಾಲೆಯ ಮಕ್ಕಳನ್ನು ಇವತ್ತಿಗೂ ಏಳೆಂಟಲೆ ಎಷ್ಟು ಎಂದು ಕೇಳಿದರೆ ತಲೆ ಆಡಿಸುತ್ತಾ ಹಾಡಲು ಶುರುಮಾಡುತ್ತವೆ. ಆಮೇಲೆ ಅತ್ತೆ ಬಚ್ಚಲಿನಲ್ಲಿ ಜಾರಿ ಬಿದ್ದಳು. ಭುಜ ಬಿಗಿದುಕೊಂಡಿತು. ದೊಡ್ಡ ಗಿಟಾರಿನ ಉಬ್ಬಿದ ಹೊಟ್ಟೆಯ ಮೇಲೆ ತೋಳು ಹಾಯದೆ ಹೋಯಿತು. ಗಿಟಾರು ಟ್ರಂಕಿನ ಮೇಲೆ ಹತ್ತಿತು.

"ನನ್ನ ಕೈ ಹೋತಲೇ ರೂಪಿ. ಬಿಡು, ಇಷ್ಟ ದಿನ ಬಾರಿಸಿದ್ದ ಭಾಳ ಆತು" ಎಂದಳು.

"ಕೈ ಹೋಗಿಲ್ಲ ಅತ್ತಿ. ಗಿಟಾರು ದೊಡ್ಡದೈತಿ. ತಪ್ಪು ಗಿಟಾರಿನದು."

"ನೀ ಏನ ಬೇಕಾದ್ದು ವಾದಾ ಮಾಡ್ತಿ."

"ಸಾಬೀತ ಮಾಡಿದ್ರ?"

"ಮಾಡಿದ್ರ ಬಾರಸ್ತೀನಿ. ಇಲ್ಲಂದ್ರ ಇದರ ಸುದ್ದಿ ಮತ್ತ ತೆಗೀಬಾರದು. ನಡೀತೈತೇನು?"

ಒಪ್ಪಿಕೊಂಡೆ. ಸೋತರೆ ನನಗೇನೂ ನಷ್ಟವಿರಲಿಲ್ಲ. ಅತ್ತೆ ಮಾತ್ರ ಗಿಟಾರನ್ನು ಪೂರ್ತಿ ಬಿಡುವವಳಿದ್ದಳು. ಇದು ಆಗ ನನಗೆ ಅಷ್ಟು ಹೊಳೆಯಲಿಲ್ಲ. ಹೊಳೆದದ್ದು ವಿಮಾನದಲ್ಲಿ.

ಶಿರಹಟ್ಟಿ

ಫಿಲಿಪ್ಪೀನ್ಸ್ ದೇಶದ ಸೆಬು ಎಂಬ ಊರಿಗೆ ಕಾಲೇಜು ಹುಡುಗರ ಚರ್ಚಾಸ್ಪರ್ಧೆಯೊಂದಕ್ಕೆ ತೀರ್ಪುಗಾರಳಾಗಿ ಹೋಗುವ ಕರೆ ಬಂದಿತ್ತು. ಸೆಬುವಿನ ಪಕ್ಕದ ದ್ವೀಪದಲ್ಲಿ ಮನೆಮನೆಗಳಲ್ಲಿ ಗಿಟಾರು ಮಾಡುತ್ತಾರೆಂದು ಓದಿದ್ದೆ, ನಮ್ಮ ಬೆಟಗೇರಿಯಲ್ಲಿ ಮಗ್ಗ ಇದ್ದ ಹಾಗೆ. ಆದರೆ ತೊಡುವವರನ್ನು ಬಿಟ್ಟು ಚಪ್ಪಲಿ ಕೊಳ್ಳುವುದೇ ಕಷ್ಟ, ಗಿಟಾರು ಹೇಗೆ? ಅಳತೆ ಬೇಕಿತ್ತು.

ಅತ್ತೆಯ ಅಳತೆ ಗೊತ್ತಿದ್ದವರು ಶಿರಹಟ್ಟಿಯ ಟೇಲರ್ ರಾಜೇಸಾಬ ಚಾಚಾ. ಅತ್ತೆ ಅಲ್ಲಿ ಮೊದಲ ನೌಕರಿಯಲ್ಲಿದ್ದಾಗಿನಿಂದ ಅವಳ ಜಂಪರೆಲ್ಲ ಅವರದೇ ಹೊಲಿಗೆ. ಲಕ್ಷ್ಮೇಶ್ವರದಲ್ಲಿ ಟೇಲರುಗಳಿಗೆ ಬರವೇನಿಲ್ಲ. ಆದರೂ ಜಂಪರು ಶಿರಹಟ್ಟಿಗೇ ಹೋಗಬೇಕು, ಅದು ಕಾನೂನು. ಚಾಚಾ ಅತ್ತೆಯನ್ನು ಅಂಗಡಿಯ ಚಾಪೆಯ ಮೇಲೆ ಚಕ್ಕಳಮಕ್ಕಳ ಕೂರಿಸಿದರು. ತೊಡೆಯಿಂದ ತೋಳಿನ ಕೆಳಗಿನವರೆಗೆ ಎಷ್ಟು ಎತ್ತರ, ಎದೆಯಿಂದ ಮುಂಗೈವರೆಗೆ ಎಷ್ಟು ದಪ್ಪ ಹಿಡಿಸುತ್ತದೆ, ಎರಡನ್ನೂ ಟೇಪಿನಲ್ಲಿ ಹಿಡಿದು, ಒಂದು ರಟ್ಟನ್ನು ಕತ್ತರಿಸಿ ನನ್ನ ಕೈಗಿತ್ತರು. ಎತ್ತರದಲ್ಲಾಗಲಿ ದಪ್ಪದಲ್ಲಾಗಲಿ ಈ ರಟ್ಟಿಗಿಂತ ದೊಡ್ಡದಾದ ಗಿಟಾರು ನಡೆಯುವುದಿಲ್ಲ ಎಂದು ಲೆಕ್ಕ.

"ಬೇಟಾ, ಇದನ್ನ ಹಿಡಕೊಂಡು ಕಣ್ಣ ಮುಚ್ಚಿ ತಗೋ. ನಂದು ಅಳತಿ ತಪ್ಪಿದ್ದು ನೀ ನೋಡಿಯೇನು?"

ನೋಡಿರಲಿಲ್ಲ. ಆದರೆ ಅವರ ಕೈಯಲ್ಲಿ ಯಾರಾದರೂ ಗಿಟಾರು ಹೊಲಿಸಿದ್ದನ್ನೂ ನೋಡಿರಲಿಲ್ಲ.

ಸೆಬು

ಸೆಬುವಿನಲ್ಲಿ ನನಗೆ ಜೊತೆಯಾದವಳು ಮಾರಿವಿಕ್. ಅಲ್ಲಿಯ ಕಾಲೇಜಿನಲ್ಲಿ ಚರ್ಚೆ ಕಲಿಸುವವಳು, ನನ್ನಷ್ಟೇ ವಯಸ್ಸು, ನನಗಿಂತ ಒಂದು ತೂಕ ಹೆಚ್ಚು ಬಾಯಿ. ಗಿಟಾರೂ ಚೆನ್ನಾಗಿ ಬಾರಿಸುತ್ತಾಳೆ. ನಾವಿಬ್ಬರೂ ಮಾತಾಡಿದ್ದು ಇಂಗ್ಲಿಷಿನಲ್ಲಿ. ಆದರೆ ನೆನಪಿನಲ್ಲಿ ಅವಳು ಯಾಕೋ ಬೆಟಗೇರಿಯ ಮಾತನ್ನೇ ಆಡುತ್ತಾಳೆ, ಹಾಗೇ ಆಡಲು ಬಿಡುತ್ತೇನೆ.

ಅವಳೊಡನೆ ಮೊದಲ ದಿನವೇ ಜಗಳವಾಯಿತು.

"ಗಿಟಾರು ನಾವು ಆರಿಸೋದಲ್ಲ. ಅದ ನಮ್ಮನ್ನ ಆರಸ್ತೈತಿ" ಎಂದಳು.

"ಗಿಟಾರಿಗೆ ಕಣ್ಣದಾವೇನು?"

"ನಿನಗ ಕಿವಿ ಅದಾವಿಲ್ಲೋ?"

ಆ ಊರಿನವರು ದಾರಿ ತೋರಿಸಲು ಬೆರಳು ಬಳಸುವುದಿಲ್ಲ, ತುಟಿ ಮುಂದೆ ಮಾಡಿ ತೋರಿಸುತ್ತಾರೆ. ಬಸ್ ನಿಲ್ದಾಣ ಎಲ್ಲಿ ಎಂದು ಒಬ್ಬ ಹಿರಿಯರನ್ನು ಕೇಳಿದೆ. ಅವರು ನನ್ನತ್ತ ತುಟಿ ಚಾಚಿದರು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅವರು ಇನ್ನೂ ಉದ್ದ ಚಾಚಿದರು. ಹಿಂತಿರುಗಿ ನೋಡಿದರೆ ನಿಲ್ದಾಣ ನನ್ನ ಬೆನ್ನ ಹಿಂದೆಯೇ ಇತ್ತು. ಪಾಪ, ಅವರ ಬಗ್ಗೆ ನಾನು ಅಷ್ಟರಲ್ಲಿ ಏನೇನೋ ಯೋಚಿಸಿಬಿಟ್ಟಿದ್ದೆ.

ಜೀಪ್ನಿ ಎನ್ನುವುದು ಅಲ್ಲಿಯ ಉದ್ದನೆಯ ಜೀಪು, ಮೈತುಂಬ ಬಣ್ಣ, ಎದುರುಬದುರು ಬೆಂಚು. ಮುಂಡರಗಿ ರಸ್ತೆಯ ಟಂಟಂ ರಿಕ್ಷಾದಲ್ಲಿ ಬೆಳೆದವಳಿಗೆ ಅದೇನೂ ಹೊಸದಲ್ಲ. ಇನ್ನೊಬ್ಬರು ಹಿಡಿಸುತ್ತಾರೆ ಎಂಬ ಚಾಲಕನ ನಂಬಿಕೆ ಎರಡೂ ದೇಶದಲ್ಲಿ ಒಂದೇ. ವ್ಯತ್ಯಾಸವೆಂದರೆ ಅಲ್ಲಿ ಯಾರೂ ಒದರುವುದಿಲ್ಲ. ಹಿಂದಿನವರ ಬಾಡಿಗೆ ಕೈಯಿಂದ ಕೈಗೆ ದಾಟಿ ಮುಂದೆ ಹೋಗುತ್ತದೆ, ಚಿಲ್ಲರೆ ಹಾಗೆಯೇ ಹಿಂದೆ ಬರುತ್ತದೆ, ಯಾರ ಮುಖದಲ್ಲೂ ಸಂಶಯವಿಲ್ಲ. ಮೊದಲ ಸಲ ನನ್ನ ಅಂಗೈಗೆ ಯಾರದೋ ನಾಣ್ಯ ಬಂದಾಗ ನಾನು ಥ್ಯಾಂಕ್ಸ್ ಹೇಳಿ ಇಟ್ಟುಕೊಂಡೆ. ಇಡೀ ಬೆಂಚು ನಕ್ಕಿತು.

ಮಾಕ್ತಾನ್

ಸ್ಪರ್ಧೆ ಮುಗಿದ ಮರುದಿನ ಭಾನುವಾರ. ಸೇತುವೆ ದಾಟಿ ಮಾಕ್ತಾನ್ ದ್ವೀಪಕ್ಕೆ ಹೋದೆವು. ಮಾರಿವಿಕ್‌ಗೆ ಪರಿಚಯವಿದ್ದ ಡಾಡೊ ಎಂಬಾತನ ಮನೆ. ಮುಂದೆ ಅಂಗಡಿ, ಹಿಂದೆ ಕಾರ್ಖಾನೆ, ನಡುವೆ ಅಡುಗೆ. ಬೆಟಗೇರಿಯ ನೇಕಾರರ ಮನೆಯಲ್ಲಿ ಊಟದ ತಟ್ಟೆಯ ಪಕ್ಕದಲ್ಲೇ ನೂಲಿನ ಎಳೆ ತೇಲುವ ಹಾಗೆ ಅಲ್ಲಿ ಕಟ್ಟಿಗೆಯ ಹೊಟ್ಟು. ಡಾಡೊ ಐವತ್ತರ ಆಸುಪಾಸಿನ, ನಗೆಯನ್ನು ಕಣ್ಣಲ್ಲೇ ಮುಗಿಸುವ ಮನುಷ್ಯ. ಮಾತು ಕಡಿಮೆ.

ತಪ್ಪು ಅಲ್ಲೇ ಶುರುವಾಯಿತು. ಒಳ್ಳೆಯ ಗಿಟಾರಿನ ಮುಂಭಾಗ ಇಡಿಯ ಹಲಗೆಯದಾಗಿರಬೇಕು, ಪದರ ಅಂಟಿಸಿದ್ದಾಗಿರಬಾರದು. ನಾಲ್ಕು ಕಡೆ ಓದಿಕೊಂಡು ಹೋಗಿದ್ದೆ. ಕೇಳಿದೆ, "ಇದು ಇಡೀ ಹಲಗಿಯೇನು?"

ಡಾಡೊ ಹುಬ್ಬು ಏರಿಸಿದ.

ನಮ್ಮಲ್ಲಿ ಹುಬ್ಬು ಏರಿಸಿದರೆ 'ಏನು?' ಎಂದು ಅರ್ಥ. ಇನ್ನೊಮ್ಮೆ, ಬಿಡಿಸಿ ಕೇಳಿದೆ. ಮತ್ತೆ ಹುಬ್ಬು. ಪದರ ಎಂದರೇನು, ಇಡೀ ಹಲಗೆಗೂ ಅದಕ್ಕೂ ನಾದದಲ್ಲಿ ಏನು ಭೇದ, ಎಲ್ಲವನ್ನೂ ಅವನಿಗೇ ವಿವರಿಸಿದೆ. ಹುಬ್ಬು ಹಣೆ ದಾಟಿ ಕೂದಲಿಗೆ ಹತ್ತುವುದೊಂದು ಬಾಕಿ.

ಮಾರಿವಿಕ್ ಗೋಡೆ ಹಿಡಿದು ನಗುತ್ತಿದ್ದಳು. "ಮಾರಾಯ್ತಿ, ಅಂವಾ ಆಗಲಿಂದ ಹೌದು ಅನ್ನಾಕ ಹತ್ತ್ಯಾನ."

ಸೇಡು ಬೇಗ ತೀರಿತು. ಡಾಡೊ ಒಂದು ಗಿಟಾರು ಹಿಡಿದು ಬೇಕೇ ಎಂದ. ನಾನು ನಮ್ಮ ಪದ್ಧತಿಯಂತೆ ತಲೆಯನ್ನು ಆ ಕಡೆ ಈ ಕಡೆ ತೂಗಿದೆ. ಅವನು ಬೇಸರದಿಂದ ಅದನ್ನು ತಿರುಗಿ ಗೂಟಕ್ಕೆ ಹಾಕಿದ. ಹೌದು ಎನ್ನಲು ಎರಡು ದೇಶದವರಿಗೆ ಇಷ್ಟು ಕಷ್ಟ.

ಕೂರಲು ಎತ್ತರದ ಸ್ಟೂಲು ಕೊಟ್ಟರು. ಬೇಡವೆಂದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿದೆ. ಅತ್ತೆ ಹೇಗೆ ಕೂರುತ್ತಾಳೋ ಹಾಗೇ ಪರೀಕ್ಷೆಯಾಗಬೇಕಲ್ಲ. ಕುರ್ಚಿಯ ಮೇಲೆ ಕೂತಾಗ ತೊಡೆಯ ಆಚೆಗೆ ಇಳಿಯುವ ಗಿಟಾರು ನೆಲದ ಮೇಲೆ ಕೂತಾಗ ಇಳಿಯಲು ಜಾಗವಿಲ್ಲದೆ ಮೇಲಕ್ಕೆ, ಕಂಕುಳಿಗೆ ಬಂದು ಚುಚ್ಚುತ್ತದೆ. ಕೆಲಸಗಾರರು ಉಳಿ ಕೆಳಗಿಟ್ಟು ನೋಡತೊಡಗಿದರು. ನನ್ನ ಜೊತೆಗೆ ಕೂರುತ್ತೇನೆಂದ ಮಾರಿವಿಕ್‌ಳ ಮೊಣಕಾಲು ಎರಡೂ ಆಕಾಶ ನೋಡುತ್ತಿದ್ದವು.

"ನಿನ್ನತ್ತಿ ಭುಜಾ ಎಷ್ಟ ಏಳ್ತೈತಿ?" ಎಂದು ಕೇಳಿದಳು.

ತೋರಿಸಿದೆ. ಅವಳು ನನ್ನ ವೇಲನ್ನೇ ಕಸಿದುಕೊಂಡು ನನ್ನ ಬಲಗೈಯನ್ನು ಮೊಣಕೈಯ ಮೇಲೆ ಸೊಂಟಕ್ಕೆ ಸೇರಿಸಿ, ಅಷ್ಟೇ ಏಳುವ ಹಾಗೆ ಕಟ್ಟಿದಳು. "ಈಗ ನೀ ನಿಮ್ಮತ್ತಿ. ಬಾರಸು."

ಒಪ್ಪಿಕೊಳ್ಳಬೇಕು, ಅದು ನನಗೆ ಹೊಳೆಯಬೇಕಾಗಿದ್ದ ಪ್ರಯೋಗ.

ಗೂಟಕ್ಕೆ ತೂಗಿದ ಗಿಟಾರುಗಳಲ್ಲಿ ಚಾಚಾನ ರಟ್ಟಿಗಿಂತ ದೊಡ್ಡವನ್ನೆಲ್ಲ ಆಚೆಗಿಟ್ಟು, ಉಳಿದವನ್ನು ಒಂದೊಂದಾಗಿ ತೊಡೆಯ ಮೇಲೆ ತೆಗೆದುಕೊಂಡೆ. ಕುತ್ತಿಗೆ ನೆಟ್ಟಗಿದೆಯೇ, ತಂತಿ ಕುತ್ತಿಗೆಯ ಮೇಲಿನ ಲೋಹದ ಮೆಟ್ಟಿಲುಗಳಿಗಿಂತ ತೀರಾ ಎತ್ತರವಿದೆಯೇ, ಹನ್ನೆರಡನೇ ಮೆಟ್ಟಿಲಲ್ಲಿ ಒತ್ತಿದ ಸ್ವರವೂ ಸುಮ್ಮನೆ ಮುಟ್ಟಿ ಬಿಟ್ಟಾಗಿನ ಸ್ವರವೂ ಕೂಡುತ್ತವೆಯೇ, ಇವೆಲ್ಲ ನೋಡಿಯಾಯಿತು. ನಡುವೆ ಮಾರಿವಿಕ್‌ಳ ಸಿದ್ಧಾಂತಕ್ಕೂ ಪರೀಕ್ಷೆ ಇಟ್ಟೆ. ಅವಳು ಗೋಡೆಗೆ ಮುಖ ಮಾಡಿ ನಿಂತಳು, ಡಾಡೊ ಒಂದಾದ ಮೇಲೊಂದು ಮೀಟಿದ. "ಇದ, ಇದ ನನ್ನ ಕರದದ್ದು" ಎಂದಳು. ಕ್ರಮ ಬದಲಿಸಿ ಮತ್ತೆ ಕೇಳಿಸಿದೆವು. ಈ ಸಲ ಬೇರೆಯದು ಕರೆಯಿತು. ಮೂರನೇ ಸಲ ಮತ್ತೊಂದು.

"ಮೂರ ಗಿಟಾರು ಕರದಾವಲ್ಲಬೇ?"

"ನನಗ ಗೆಳೆಯಾರು ಭಾಳ" ಎಂದಳು, ಒಂದಿಷ್ಟೂ ನಾಚದೆ.

ಕೊನೆಗೆ ರಟ್ಟಿಗೆ ಕರಾರುವಾಕ್ಕಾಗಿ ಕೂಡಿದ ಒಂದು ಸಿಕ್ಕಿತು. ದುಂಡು ನಾದ, ಒಳ್ಳೆಯ ಕೆಲಸ. ಒಂದೇ ತೊಂದರೆಯೆಂದರೆ, ಕಟ್ಟಿದ ಕೈಯಲ್ಲಿ ನಾನು ಅದನ್ನು ಬಾರಿಸಿದಾಗ ಬೆರಳು ತಂತಿಗೆ ತಲುಪುತ್ತಿರಲಿಲ್ಲ. ರಟ್ಟಿನ ಪ್ರಕಾರ ತಲುಪಬೇಕಾಗಿತ್ತು. ವೇಲು ಬಿಗಿಯಾಗಿದೆ ಎಂದು ನಾನು, ರಟ್ಟು ತಪ್ಪಿದೆ ಎಂದು ಮಾರಿವಿಕ್. ಊರಿಗೆ ಫೋನು ಹಚ್ಚಿದೆ.

ಅದೇ ಮಧ್ಯಾಹ್ನ, ಫೋನಿನಲ್ಲಿ

ಲಕ್ಷ್ಮೇಶ್ವರದಲ್ಲಿ ಆಗಿನ್ನೂ ಬೆಳಗಿನ ಚಹದ ಹೊತ್ತು. ವಿಡಿಯೋದಲ್ಲಿ ಅತ್ತೆ ನೆಲದ ಮೇಲೆ ಕೂತಿದ್ದಳು. ಹಿಂದೆ ಮಾಮಾ, ಅಂದರೆ ಅವಳ ಗಂಡ, ಎರಡೂ ಕೈಯಿಂದ ಶೇಂಗಾ ಸುಲಿಯುತ್ತಿದ್ದರು.

"ಅತ್ತಿ, ರಾಜೇಸಾಬ ಚಾಚಾನ ಅಳತಿ ಬರೋಬ್ಬರಿ ಐತೋ ಇಲ್ಲೋ? ನಿನ್ನ ತೊಡಿ ತೋರಸು, ಮ್ಯಾಲಿಂದ."

ಫೋನು ಅವಳ ತಲೆಯ ಮೇಲಕ್ಕೆ ಹೋಯಿತು. ಮೇಲಿಂದ ತೊಡೆ ಕಂಡಿತು, ಗಡಿಯಾರ ಕಟ್ಟಿದ ಎಡಗೈ ತೊಡೆಯ ಮೇಲಿಂದ ಅಳತೆ ತೋರಿಸಿತು. "ಇಲ್ಲಿ ತನಕ ನೋಡು. ಯಾಕ, ಅಂವಾ ಎಷ್ಟ ಹಿಡದಾನ?"

ರಟ್ಟು ತೋರಿಸಿದೆ. ಅತ್ತೆ ನಗತೊಡಗಿದಳು. "ಲೇ ಹುಚ್ಚಿ, ಅಂವಾ ಲೂಸ್ ಇಡ್ಲಾರದ ಯಾವತ್ತರ ಕತ್ತರಿ ಹಿಡದಾನೇನು? ನನ್ನ ಜಂಪರಿನ್ಯಾಗ ನಿಮ್ಮ ಮಾಮಾನೂ ಹಿಡಸ್ತಾನ."

ಶಿರಹಟ್ಟಿಗೆ ಫೋನು ಹಚ್ಚಿದೆ.

"ಚಾಚಾ, ರಟ್ಟಿನ್ಯಾಗ ಲೂಸ್ ಹಿಡದೀರೇನು?"

"ಹಿಡೀಲಾರದ? ಆ ಕಡೆ ಎರಡಿಂಚು, ಈ ಕಡೆ ಎರಡಿಂಚು. ನಾಳೆ ಗಂಗಕ್ಕ ಮೈ ತುಂಬಿದ್ರ ಏನ್ ಮಾಡ್ತಿ?"

"ಚಾಚಾ, ಅದು ಜಂಪರ್ ಅಲ್ಲ. ಗಿಟಾರು."

"ಗಿಟಾರಾದ್ರ ಏನಾತು ಬೇಟಾ? ಉಸರಾಡಾಕ ಜಾಗಾ ಬೇಕೋ ಬ್ಯಾಡೋ?"

ನಮ್ಮ ಕಡೆ ಯಾವ ಟೇಲರೂ ಇವತ್ತಿನ ಮೈಗೆ ಹೊಲಿಯುವುದಿಲ್ಲ, ನಾಳಿನ ಮೈಗೆ ಹೊಲಿಯುತ್ತಾನೆ. ಸಮುದ್ರ ದಾಟಿ ಬಂದು ಅರ್ಧ ದಿನ ನಾನು ಅತ್ತೆಯ ನಾಳಿನ ಮೈಗೆ ಗಿಟಾರು ಹುಡುಕಿದ್ದೆ.

ಡಾಡೊ ರಟ್ಟನ್ನು ತೆಗೆದುಕೊಂಡು ಎರಡೆರಡು ಇಂಚು ಕತ್ತರಿಸಿದ. ಆಮೇಲೆ ತುಟಿ ಚಾಚಿದ. ಈ ಸಲ ನಾನು ಹಿಂದೆ ಸರಿಯದೆ ತುಟಿ ತೋರಿಸಿದ ಕಡೆ ನೋಡಿದೆ. ಬಾಗಿಲ ಹತ್ತಿರ, ಬಂದ ಕೂಡಲೇ ನಾನು ಪ್ರವಾಸಿಗರ ಮಕ್ಕಳಿಗೆ ಮಾಡಿದ ಆಟಿಕೆ ಎಂದು ತಳ್ಳಿಹಾಕಿದ್ದ ಒಂದು ಗಿಟಾರು. ಕಿರಿದಾದ ಭುಜ, ಸಣ್ಣ ನಡು, ತೆಳು ಮೈ. ಬೆನ್ನು ಹಲಸಿನ ಮರದ್ದು, ಬೆಲ್ಲದ ಬಣ್ಣ.

ಕಟ್ಟಿದ ಕೈಯಲ್ಲೇ ತೊಡೆಯ ಮೇಲೆ ಇಟ್ಟುಕೊಂಡೆ. ತೋಳು ಏಳಲೇ ಇಲ್ಲ, ಏಳಬೇಕಾಗಿಯೂ ಇರಲಿಲ್ಲ. ಮಲಗಿದ ಕೂಸಿನ ಮೇಲೆ ಕೈ ಹಾಕಿದ ಹಾಗೆ ಹಗುರವಾಗಿ ಆಚೆಗಿಳಿಯಿತು. ನನಗೆ ಬರುವ ನಾಲ್ಕೇ ಕಾರ್ಡುಗಳಲ್ಲಿ ಅತ್ತೆಯ ಏಳರ ಮಗ್ಗಿ ಬಾರಿಸಿದೆ. ಅಷ್ಟು ಸಣ್ಣ ಮೈಯಿಂದ ಅಷ್ಟು ತುಂಬಿದ ದನಿ ಬಂದೀತೆಂದು ನಾನು ಎಣಿಸಿರಲಿಲ್ಲ. ದೊಡ್ಡದರ ಗುಡುಗು ಅದಕ್ಕಿಲ್ಲ, ನಿಜ. ಆದರೆ ಒಂದೊಂದು ತಂತಿಯೂ ಬೇರೆ ಬೇರೆಯಾಗಿ, ಸ್ಪಷ್ಟವಾಗಿ ಮಾತಾಡುತ್ತಿತ್ತು. ಮಾರಿವಿಕ್ ಏಳರ ಮಗ್ಗಿಗೆ ಚಪ್ಪಾಳೆ ಹಾಕಿದಳು, ಕೆಲಸಗಾರರು ಸೇರಿಕೊಂಡರು. ಏಳೇಳಲೆ ನಲವತ್ತೊಂಬತ್ತು ಎನ್ನುವಲ್ಲಿ ಎಲ್ಲರೂ ತಪ್ಪು ರಾಗ ತೆಗೆದರು. ಇಷ್ಟು ಖುಷಿಯಾಗಿ ನಾನು ಯಾವ ವಾದವನ್ನೂ ಗೆದ್ದಿರಲಿಲ್ಲ.

"ಅದ ನಿನ್ನ ಆರಿಸಿತು" ಎಂದಳು ಮಾರಿವಿಕ್.

"ಕತ್ತರಿ ಆರಿಸಿತು."

ಡಾಡೊ ಈಗ ಮೊದಲ ಬಾರಿ ತಾನಾಗಿ ಒಂದು ಪ್ರಶ್ನೆ ಕೇಳಿದ. ನಿಮ್ಮೂರ ಗಾಳಿ ಹೇಗಿದೆ?

ಒಣಗಾಳಿ ಎಂದೆ. ಎಷ್ಟು ಒಣ ಎಂದು ತೋರಿಸಲು ಚೀಲದಿಂದ ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ ತೆಗೆದೆ. ನಮ್ಮಲ್ಲಿ ಜೋಳದ ರೊಟ್ಟಿಯನ್ನು ಒಣಗಿಸಿಟ್ಟರೆ ತಿಂಗಳಾದರೂ ಹಪ್ಪಳದ ಹಾಗೆ ಮುರಿಯುತ್ತದೆ, ನೋಡು ಎಂದು ಮುರಿಯಲು ಹೋದೆ. ರೊಟ್ಟಿ ಮುರಿಯಲಿಲ್ಲ. ಒದ್ದೆ ಕರವಸ್ತ್ರದ ಹಾಗೆ ಮಡಚಿಕೊಂಡಿತು. ಸೆಬುವಿನ ಕಡಲ ಗಾಳಿ ಕುಡಿದು ಅದು ತನ್ನ ಖಡಕ್‌ತನವನ್ನೆಲ್ಲ ಕಳೆದುಕೊಂಡಿತ್ತು.

ಡಾಡೊ ಮಡಚಿದ ರೊಟ್ಟಿಯನ್ನು ಕೈಯಲ್ಲಿ ಹಿಡಿದು ನೋಡಿದ, ಗಿಟಾರನ್ನು ನೋಡಿದ. "ಇದಕ್ಕ ಇಲ್ಲಿ ಆದದ್ದು, ಅದಕ್ಕ ಅಲ್ಲಿ ಉಲ್ಟಾ ಆಗ್ತೈತಿ" ಎಂದ. ಒಣಗಾಳಿಗೆ ಹಲಗೆ ಕುಗ್ಗಿ ಸೀಳು ಬಿಡುತ್ತದೆ. ಒಳಗೆ ಹೋಗಿ ಅದೇ ಅಳತೆಯ, ಇನ್ನೂ ಚೆನ್ನಾಗಿ ಒಣಗಿಸಿದ ಹಲಗೆಯಲ್ಲಿ ಮಾಡಿದ ಇನ್ನೊಂದನ್ನು ತಂದ. ಬೇಸಿಗೆಯಲ್ಲಿ ತೂತು ಕೊರೆದ ಸಾಬೂನಿನ ಡಬ್ಬಿಯೊಳಗೆ ಒದ್ದೆ ಬಟ್ಟೆ ಹಾಕಿ ಗಿಟಾರಿನ ಚೀಲದಲ್ಲಿ ಇಡಲು ಹೇಳಿದ. ಬೇಕೇ ಎಂದ. ನಾನು ತಲೆ ತೂಗಲಿಲ್ಲ. ಹುಬ್ಬು ಏರಿಸಿದೆ.

ರೊಟ್ಟಿಯನ್ನು ಅವನ ಮನೆಯವರು ಒಲೆಯ ಮೇಲೆ ಕಾಯಿಸಿ, ನನ್ನ ಶೇಂಗಾ ಚಟ್ನಿ ಹಚ್ಚಿ ತಿಂದರು. ಖಾರಕ್ಕೆ ಡಾಡೊನ ಹುಬ್ಬು ಮತ್ತೆ ಏರಿತು. ಅದು 'ಹೌದು' ಅಲ್ಲ ಎಂದು ಮಾತ್ರ ಗೊತ್ತಾಯಿತು.

ಆಕಾಶದಲ್ಲಿ

ಗಿಟಾರು ವಿಮಾನದ ತಲೆಮೇಲಿನ ಕಪಾಟಿನಲ್ಲಿ ಸರಿಯಾಗಿ ಹಿಡಿಸಿತು. ದೊಡ್ಡದಾಗಿದ್ದರೆ ಹೊಟ್ಟೆಯೊಳಗೆ ಪೆಟ್ಟಿಗೆಗಳ ಜೊತೆ ಹೋಗಬೇಕಾಗುತ್ತಿತ್ತು. ಪಕ್ಕದ ಸೀಟಿನ ಹೆಂಗಸು ಮಗುವಿಗೇ ಎಂದು ಕೇಳಿದರು. ಐವತ್ತೆರಡರ ಮಗು ಎಂದೆ.

ಆಗಲೇ ಆ ಮಾತು ಹೊಳೆದದ್ದು. ಕಟ್ಟಿದ್ದು ನನ್ನ ಕೈ, ಬಿಚ್ಚಿದರೆ ಬಿಡುಗಡೆ. ಅತ್ತೆಯ ಭುಜ ವೇಲಿನಿಂದ ಕಟ್ಟಿದ್ದಲ್ಲ. ಅವಳಿಗೆ ಇದು ಹೊಂದದಿದ್ದರೆ, ಕರಾರಿನ ಪ್ರಕಾರ, ಮತ್ತೆ ಸುದ್ದಿ ತೆಗೆಯುವಂತಿಲ್ಲ. ಗೆಲ್ಲುವ ಉಮೇದಿನಲ್ಲಿ ಎಂಥ ಕರಾರಿಗೆ ಒಪ್ಪಿದ್ದೆ. ಹುಬ್ಬಳ್ಳಿ ಬರುವವರೆಗೆ ನಾನು ನನ್ನ ವಿರುದ್ಧವೇ ವಾದಿಸಿದೆ, ಮತ್ತು ಎರಡು ಸಲ ಸೋತೆ.

ಲಕ್ಷ್ಮೇಶ್ವರ

ರಾಜೇಸಾಬ ಚಾಚಾ ಶಿರಹಟ್ಟಿಯಿಂದ ಮೊದಲೇ ಬಂದು ಕೂತಿದ್ದರು. ನಾನು ಕಳಿಸಿದ ಅಳತೆಗೆ ಗಿಟಾರಿನ ಚೀಲ ಹೊಲಿದು ತಂದಿದ್ದರು, ಅಂಚಿಗೆ ಇಳಕಲ್ ಸೀರೆಯ ಸೆರಗಿನ ತುಂಡು. ಗಿಟಾರು ಹಾಕಿದರೆ ಒಳಗೆ ಅಲ್ಲಾಡಿತು.

"ಚಾಚಾ, ಗಿಟಾರೂ ನಾಳೆ ಮೈ ತುಂಬತೈತೇನು?"

"ಸಾಬಾಣದ ಡಬ್ಬಿ ಎಲ್ಲಿ ಇಡತಿದ್ದಿ, ನಿನ್ನ ತಲಿ ಮ್ಯಾಲೆ?"

ಅಳತೆಯ ಜೊತೆಗೆ ಡಬ್ಬಿಯ ಸುದ್ದಿಯನ್ನೂ ಕಳಿಸಿದ್ದು ನಾನೇ ಮರೆತಿದ್ದೆ. ಡಬ್ಬಿ ಆ ಸಡಿಲಿನಲ್ಲಿ ಹೇಳಿಮಾಡಿಸಿದ ಹಾಗೆ ಕೂತಿತು. ಈ ಒಂದು ಅಂಕ ಚಾಚಾಗೆ.

ಓಣಿಯ ಹೆಂಗಸರು, ಎರಡನೇ ಇಯತ್ತೆಯ ಅರ್ಧ ತರಗತಿ, ಎಲ್ಲ ಪಡಸಾಲೆಯಲ್ಲಿ. ಅತ್ತೆ ನೆಲದ ಮೇಲೆ ಕೂತು ಗಿಟಾರನ್ನು ತೊಡೆಗೆ ತೆಗೆದುಕೊಂಡಳು. ತೋಳನ್ನು ಅದರ ಮೇಲೆ ಇಳಿಬಿಟ್ಟಳು. ಆಮೇಲೆ ಒಂದೇ ತಂತಿ ಮೀಟಿ, ಕಿವಿಗೊಟ್ಟು, "ಗುಣಾ ಚೊಲೊ ಐತಿ" ಎಂದಳು, ಹೊಸ ಸಂಬಂಧ ನೋಡಿದವರ ಹಾಗೆ. ನಂತರ ಎರಡರಿಂದ ಹತ್ತರವರೆಗೆ ಮಗ್ಗಿ ನಡೆಯಿತು. ಮಕ್ಕಳು ಕಿರುಚಿದವು, ಚಾಚಾ ಕತ್ತರಿ ಹಿಡಿಯುವ ಕೈಯಿಂದ ತಾಳ ಹಾಕಿದರು, ಮಾಮಾ ಒಂಬತ್ತರ ಮಗ್ಗಿಯಲ್ಲಿ ತಪ್ಪಿ ಮಕ್ಕಳಿಂದ ಬೈಸಿಕೊಂಡರು. ಅತ್ತೆಯ ಮುಖ ನೋಡುತ್ತಾ ನಾನು ವಾದವನ್ನೇ ಮರೆತಿದ್ದೆ.

ಬಾರಿಸಿ ಮುಗಿಸಿ ಅತ್ತೆ ಎದ್ದಳು. ಗಿಟಾರನ್ನು ಚೀಲಕ್ಕೆ ಹಾಕಿ, ಕ್ಯಾಲೆಂಡರಿನ ಪಕ್ಕದಲ್ಲಿ, ತನ್ನ ತಲೆಗಿಂತ ಒಂದು ಮೊಳ ಎತ್ತರದಲ್ಲಿದ್ದ ಮೊಳೆಗೆ ಸಲೀಸಾಗಿ ತೂಗುಹಾಕಿದಳು. ಬಲಗೈಯಿಂದ.

ಪಡಸಾಲೆಯಲ್ಲಿ ಎಲ್ಲರೂ ಒಮ್ಮೆಲೇ ಮಾತಾಡಿದರು. ಕೈ ಎದ್ದಿತು, ಗಿಟಾರಿನ ಗುಣ, ಫಾರಿನ್ ಕಟ್ಟಿಗೆಯ ಗುಣ. ಪವಾಡದ ಕತೆ ಹುಟ್ಟಿದ್ದು ಆ ಕ್ಷಣದಲ್ಲೇ, ನನ್ನ ಕಣ್ಣೆದುರಿಗೆ.

ನಾನು ಮಾತ್ರ ಮೊಳೆ ನೋಡುತ್ತಿದ್ದೆ. ಹೊಸ ಮೊಳೆ. ಅದರ ಕೆಳಗೆ ಸುಣ್ಣ ಉದುರಿದ ಗುರುತು. ಬಿಗಿದ ಭುಜ ವ್ಯಾಯಾಮ ಮಾಡಿದರೆ ತಿಂಗಳುಗಳಲ್ಲಿ ತಾನಾಗಿ ಸಡಿಲಾಗುತ್ತದೆಂದು ಗದಗಿನ ಡಾಕ್ಟರು ಮೊದಲೇ ಹೇಳಿದ್ದರು. ಮಾಕ್ತಾನಿನಿಂದ ಫೋನು ಮಾಡಿದ ದಿನ ಮಾಮಾನ ಎರಡೂ ಕೈ ಶೇಂಗಾದಲ್ಲಿದ್ದವು, ಅತ್ತೆಯ ಗಡಿಯಾರದ ಎಡಗೈ ತೊಡೆಯ ಮೇಲಿತ್ತು. ಹಾಗಾದರೆ ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದ ಕೈ ಯಾವುದು?

"ಮಾಮಾ, ಈ ಮೊಳಿ ನೀವು ಹೊಡದದ್ದೇನು?"

"ನಾನ್ಯಾಕ ಹೊಡೀಲಿ? ಸುತ್ತಿಗಿ ಎಲ್ಲೈತಿ ಅನ್ನೋದ ಗೊತ್ತಿಲ್ಲ ನನಗ."

ಅತ್ತೆ ಅಷ್ಟರಲ್ಲಿ ಗಿಟಾರನ್ನು ಮತ್ತೆ ಇಳಿಸಿಕೊಂಡು ಕೂತಿದ್ದಳು. ಮುಂಡರಗಿಯ ಗೆಳತಿಯರನ್ನು ಬರುವ ಭಾನುವಾರ ಹಾಡಲು ಕರೆಯಬೇಕೆಂದು ಯಾರಿಗೋ ಹೇಳುತ್ತಾ ತಂತಿ ಬಿಗಿ ಮಾಡುತ್ತಿದ್ದಳು. ನಾನು ಪಕ್ಕದಲ್ಲಿ ಕೂತು, ಬೇರೆ ಯಾರಿಗೂ ಕೇಳದ ಹಾಗೆ ಕೇಳಿದೆ.

"ಅತ್ತಿ, ಖರೆ ಹೇಳು. ಆ ಮೊಳಿ ನಾ ಬರೂದಕ್ಕ ಮೊದಲ ಈ ಬಲಗೈಲೆ ನೀನ ಹೊಡದಿ, ಹೌದಿಲ್ಲೋ?"

ಅತ್ತೆ ನನ್ನತ್ತ ತಿರುಗಿ ಹುಬ್ಬು ಏರಿಸಿದಳು, ಹನ್ನೊಂದರ ಮಗ್ಗಿ ಶುರುಮಾಡಿದಳು.